ಎಣ್ಣೆಯ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾದ ಈಜು

ಬ್ಯಾಕ್ಟೀರಿಯಾ ಹೇಗೆ ಈಜುತ್ತದೆ ಅಂತ ದೊಡ್ಡ ಮಾದರಿಗಳನ್ನು ಮಾಡಿ ನೋಡಲು ಹೊರಟೆ. ನಾನು ಮೊದಲು ಮಾಡಿದ್ದು ಕಪ್ಪೆಚಿಪ್ಪಿನಂಥ ಒಂದು ಮಾದರಿ. ಎರಡು ಪ್ಲಾಸ್ಟಿಕ್ ರೆಕ್ಕೆ, ನಡುವೆ ಒಂದು ಕೀಲು, ತೆರೆದು ಮುಚ್ಚಲು ಪುಟ್ಟ ಮೋಟಾರು. ನಾಲ್ಕು ಸೆಕೆಂಡು ತೆಗೆದುಕೊಂಡು ತೆರೆಯಬೇಕು, ಒಂದೇ ಸೆಕೆಂಡಿನಲ್ಲಿ ಮುಚ್ಚಬೇಕು. ನೀರಿನಲ್ಲಿ ಇಷ್ಟು ಸಾಕು, ತಳ್ಳಿಕೊಂಡು ಮುಂದೆ ಹೋಗುತ್ತದೆ. ಅದನ್ನೇ ಸಿಲಿಕೋನ್ ಎಣ್ಣೆಯ ತೊಟ್ಟಿಗೆ ಇಳಿಸಿದೆ. ಮುಚ್ಚಿದಾಗ 6 ಮಿಲಿಮೀಟರ್ ಮುಂದೆ, ತೆರೆದಾಗ 6 ಮಿಲಿಮೀಟರ್ ಹಿಂದೆ. ಅರ್ಧ ಗಂಟೆ ಬಿಟ್ಟೆ. ಗಾಜಿನ ಮೇಲೆ ಪೆನ್ನಿನಿಂದ ಹಾಕಿದ್ದ ಗುರುತಿನ ಎದುರಿಗೇ ಇತ್ತು.

ಹೀಗಾಗುತ್ತದೆ ಅಂತ ಓದಿ ಗೊತ್ತಿತ್ತು. ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1977ರಲ್ಲೇ ಇದನ್ನು ಬರೆದಿದ್ದಾರೆ: ಹೋದ ದಾರಿಯಲ್ಲೇ ವಾಪಸ್ ಬರುವ ಚಲನೆಯಿಂದ ಸೂಕ್ಷ್ಮಜೀವಿ ಮುಂದೆ ಹೋಗಲಾರದು, ಬೇಗ ಮಾಡಿದರೂ ಅಷ್ಟೇ, ನಿಧಾನ ಮಾಡಿದರೂ ಅಷ್ಟೇ. ಆದರೆ ಓದುವುದು ಬೇರೆ, ಒಂದು ಮಾದರಿ ಕಣ್ಣೆದುರಿಗೆ ಅಷ್ಟು ಹೊತ್ತು ರೆಕ್ಕೆ ಬಡಿದೂ ಅಲ್ಲೇ ಇರುವುದನ್ನು ನೋಡುವುದು ಬೇರೆ.

ಎಣ್ಣೆ ಯಾಕೆ ಅಂದರೆ, ಇಲ್ಲಿ ಲೆಕ್ಕಕ್ಕೆ ಬರುವುದು ರೆನಾಲ್ಡ್ಸ್ ಸಂಖ್ಯೆ. ದ್ರವದ ಸಾಂದ್ರತೆ, ಈಜುವ ವೇಗ, ಮೈಯ ಉದ್ದ ಈ ಮೂರನ್ನು ಗುಣಿಸಿ ದ್ರವದ ಸ್ನಿಗ್ಧತೆಯಿಂದ (ಹರಿಯಲು ಅದು ಒಡ್ಡುವ ತಡೆಯಿಂದ) ಭಾಗಿಸಿದರೆ ಬರುವ ಸಂಖ್ಯೆ ಅದು. 2 ಮೈಕ್ರೋಮೀಟರ್ ಉದ್ದದ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಸೆಕೆಂಡಿಗೆ ಸುಮಾರು 30 ಮೈಕ್ರೋಮೀಟರ್ ಈಜುತ್ತದೆ, ಅದಕ್ಕೆ ಈ ಸಂಖ್ಯೆ 0.0001ಕ್ಕಿಂತ ಕಡಿಮೆ. ಅಂದರೆ ಜಡತ್ವಕ್ಕೆ, ಚಲಿಸುತ್ತಿರುವುದು ಚಲಿಸುತ್ತಲೇ ಇರುವ ಗುಣಕ್ಕೆ, ಅಲ್ಲಿ ಬೆಲೆಯೇ ಇಲ್ಲ. ಬಾಲ ನಿಲ್ಲಿಸಿದರೆ ಅದು 0.6 ಮೈಕ್ರೋಸೆಕೆಂಡಿನಲ್ಲಿ ನಿಂತುಬಿಡುತ್ತದೆ, ಅಷ್ಟರಲ್ಲಿ ಜಾರುವ ದೂರ ಒಂದು ಪರಮಾಣುವಿನ ಅಗಲಕ್ಕಿಂತಲೂ ಕಡಿಮೆ ಅಂತ ಪರ್ಸೆಲ್ ಲೆಕ್ಕ ಹಾಕಿದ್ದರು. ನನ್ನ ಮಾದರಿ ಬೆರಳುದ್ದ ಇರುವುದರಿಂದ ಅಷ್ಟು ಕೆಳಗೆ ಹೋಗುವುದು ಆಗದು, ಆದರೆ ಈ ಸಂಖ್ಯೆ 1ಕ್ಕಿಂತ ಸಾಕಷ್ಟು ಕಡಿಮೆ ಇದ್ದರೆ ಸಾಕು, ಸ್ನಿಗ್ಧತೆ ಹೆಚ್ಚಿರುವ ಎಣ್ಣೆ ಅದಕ್ಕೇ.

ಮೊದಲು ಗ್ಲಿಸರಿನ್ ಬಳಸಿದ್ದೆ. ತೊಳೆಯುವುದು ಸುಲಭ, ಆದರೆ ಅದು ಗಾಳಿಯಿಂದ ತೇವ ಹೀರುತ್ತದೆ, ಬಿಸಿಗೂ ಬೇಗ ತೆಳುವಾಗುತ್ತದೆ. 20 ಡಿಗ್ರಿಯಲ್ಲಿ ಇರುವ ಸ್ನಿಗ್ಧತೆ 30 ಡಿಗ್ರಿಗೆ ಬಂದರೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಒಂದು ವಾರದ ಅಳತೆ ಇನ್ನೊಂದು ವಾರಕ್ಕೆ ಹೊಂದಲಿಲ್ಲ, ಬಿಟ್ಟುಬಿಟ್ಟೆ. ನೀರಿಗಿಂತ ಸುಮಾರು 10,000 ಪಟ್ಟು ಸ್ನಿಗ್ಧವಾದ ಸಿಲಿಕೋನ್ ಎಣ್ಣೆಗೆ ಬಂದ ಮೇಲೆ ನೆಮ್ಮದಿ. ತಾಳ್ಮೆ ಮಾತ್ರ ಬೇಕು: ಒಂದು ಮಿಲಿಮೀಟರಿನ ಗಾಳಿಗುಳ್ಳೆ 15 ಸೆಂಟಿಮೀಟರ್ ಮೇಲೇರಲು ಅರ್ಧ ಗಂಟೆಗೂ ಜಾಸ್ತಿ ಬೇಕು. ಮಾದರಿ ಇಳಿಸಿದ ದಿನ ಸುಮ್ನೆ ಬಿಟ್ಟು, ಮರುದಿನ ಓಡಿಸುತ್ತೇನೆ.

ಎರಡನೆಯ ಮಾದರಿಗೆ ಸುರುಳಿ ಬಾಲ ಕೊಟ್ಟೆ. ತಾಮ್ರದ ತಂತಿಯನ್ನು ಕೊಳವೆಗೆ ಸುತ್ತಿ ಎಳೆದರೆ ಸುರುಳಿ ಸಿದ್ಧ. ಇ. ಕೋಲಿಯ ಬಾಲ ಈಜುವಾಗ ಎಡಸುರುಳಿ, ಹಾಗಾಗಿ ನಾನೂ ಎಡಕ್ಕೇ ಸುತ್ತಿದೆ. ತೆಳ್ಳನೆಯ ತಂತಿಯನ್ನು ಉದ್ದಕ್ಕೆ ಎಳೆಯುವುದಕ್ಕಿಂತ ಅಡ್ಡಕ್ಕೆ ಎಳೆಯಲು ಹೆಚ್ಚುಕಡಿಮೆ ಎರಡರಷ್ಟು ಬಲ ಬೇಕು. ಸುರುಳಿಯ ಪ್ರತಿ ತುಂಡೂ ಓರೆಯಾಗಿರುವುದರಿಂದ, ತಿರುಗಿದಾಗ ಈ ವ್ಯತ್ಯಾಸವೇ ಮುಂದಕ್ಕೆ ತಳ್ಳುವ ಬಲವಾಗುತ್ತದೆ. ತಿರುಗುತ್ತಲೇ ಇರುವ ಸುರುಳಿಗೆ ವಾಪಸ್ ಬರುವ ದಾರಿ ಇಲ್ಲ, ಅಲ್ವಾ? ಕಪ್ಪೆಚಿಪ್ಪಿಗೆ ಇಲ್ಲದ ಅನುಕೂಲ ಅದೇ.

ಆದರೂ ಅದು ಓಡಲಿಲ್ಲ. ಮೋಟಾರು ಸೆಕೆಂಡಿಗೆ ಒಂದು ಸುತ್ತು, ಆದರೆ ಬಾಲ ನಾಲ್ಕು ಸೆಕೆಂಡಿಗೆ ಒಂದು ಸುತ್ತು ಮಾತ್ರ. ಉಳಿದ ಮೂರು ಸುತ್ತನ್ನು ಮೈಯೇ ಉಲ್ಟಾ ತಿರುಗಿ ತಿಂದುಹಾಕುತ್ತಿತ್ತು. ಹಿಡಿದು ನಿಲ್ಲಿಸಲು ಹೊರಗಿನಿಂದ ಏನೂ ಇಲ್ಲವಾದ್ದರಿಂದ, ಬಾಲ ಒಂದು ಕಡೆ ತಿರುಗಿದರೆ ಮೈ ಇನ್ನೊಂದು ಕಡೆ ತಿರುಗಲೇಬೇಕು, ಯಾರು ಎಷ್ಟು ಅನ್ನುವುದನ್ನು ಆಕಾರವೇ ತೀರ್ಮಾನಿಸುತ್ತದೆ. ನಾನು ಮೈಯನ್ನು ತೆಳ್ಳಗೆ, ನೀರಿನ ದೋಣಿಯ ಹಾಗೆ ಮಾಡಿದ್ದೆ. ಇಲ್ಲಿ ಬೇಕಿದ್ದದ್ದು ಅದಲ್ಲ. ಆಕಾರ ಹಾಗೇ ಇಟ್ಟು ಅಳತೆ ಎರಡರಷ್ಟು ಮಾಡಿದರೆ ಮುಂದೆ ಹೋಗುವ ತಡೆ ಎರಡರಷ್ಟು ಮಾತ್ರ ಏರುತ್ತದೆ, ತಿರುಗುವ ತಡೆ ಎಂಟರಷ್ಟು ಏರುತ್ತದೆ. ಹಾಗೇ ಮಾಡಿದೆ. ಬಾಲ ಹತ್ತು ಸೆಕೆಂಡಿಗೆ ಏಳು ಸುತ್ತು ತಿರುಗಿತು, ಮಾದರಿ ಸೆಕೆಂಡಿಗೆ 2 ಮಿಲಿಮೀಟರ್ ಈಜಿತು. ದಪ್ಪ ಮಾಡಿದ ಮೇಲೆ ವೇಗ ಬಂತು! ಆ ದಿನದ ಖುಷಿ ಇನ್ನೂ ಹಾಗೇ ಇದೆ. ಸ್ವಿಚ್ ಆರಿಸಿದರೆ ಒಂದು ಕೂದಲೆಳೆಯಷ್ಟೂ ಜಾರದೆ ಅಲ್ಲೇ ನಿಲ್ಲುತ್ತಿತ್ತು.

ಆಮೇಲೆ ಎರಡು ವಾರ ಹಾಳಾಯಿತು. ಮಾದರಿ ನೆಟ್ಟಗೆ ಹೋಗದೆ ಒಂದೇ ಕಡೆಗೆ ಬಾಗಿಕೊಂಡು ಹೋಗುತ್ತಿತ್ತು. ತಂತಿ ಸೊಟ್ಟಗಿದೆ ಅಂತ ಮತ್ತೆ ಮತ್ತೆ ಸುತ್ತಿದೆ, ಮೋಟಾರು ಬದಲಿಸಿದೆ. ಕೊನೆಗೆ ಗೊತ್ತಾಯಿತು, ಅದು ಸ್ವಲ್ಪ ಭಾರವಾಗಿ ತೊಟ್ಟಿಯ ತಳಕ್ಕೆ ಹತ್ತಿರ ಹೋಗುತ್ತಿತ್ತು. ತಳದ ಹತ್ತಿರ ತಿರುಗುವ ವಸ್ತು ಪಕ್ಕಕ್ಕೆ ಉರುಳಿದ ಹಾಗೆ ಸರಿಯುತ್ತದೆ. ಮೈ ಒಂದು ಕಡೆ ಉರುಳಲು ನೋಡುತ್ತದೆ, ಬಾಲ ಅದಕ್ಕೆ ವಿರುದ್ಧ. ಹೀಗಾಗಿ ಇಡೀ ಮಾದರಿ ಸುತ್ತು ಹಾಕುತ್ತದೆ. ಒಳಗೊಂದು ಥರ್ಮೋಕೋಲ್ ಚೂರು ಸೇರಿಸಿ ತೊಟ್ಟಿಯ ನಡುವಿಗೆ ಎತ್ತಿದೆ, ಅಷ್ಟಕ್ಕೇ ನೆಟ್ಟಗೆ ಹೋಯಿತು.

ನಿಜವಾದ ಬ್ಯಾಕ್ಟೀರಿಯಾವೂ ಗಾಜಿನ ಹತ್ತಿರ ಹೀಗೇ ಸುತ್ತು ಹಾಕುತ್ತದೆ ಅಂತ ಓದಿದ್ದು ನೆನಪಾಗಿ, ರೋಗ ತರದ ಇ. ಕೋಲಿ ತಳಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಸ್ಲೈಡಿಗೂ ಮೇಲಿನ ತೆಳು ಗಾಜಿಗೂ ನಡುವೆ 100 ಮೈಕ್ರೋಮೀಟರ್ ಅಂತರ ಬಿಟ್ಟಿದ್ದೆ. ಮೊದಲು ಕೆಳಗಿನ ಗಾಜಿಗೆ ಫೋಕಸ್ ಮಾಡಿದೆ. ಗೆರೆಗಳ ಹಾಗೆ ಕಾಣುವ ಪುಟ್ಟ ಮೈಗಳು, ಒಂದಾದ ಮೇಲೊಂದು, ಎಲ್ಲವೂ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗುತ್ತಿದ್ದವು. ಫೋಕಸ್ ಗುಂಡಿಯನ್ನು ನಿಧಾನಕ್ಕೆ ತಿರುಗಿಸುತ್ತಾ ಮೇಲೆ ಬಂದೆ. ನಡುವೆ ಎಲ್ಲವೂ ನೆಟ್ಟಗೆ ಓಡುತ್ತಿದ್ದವು, ಆಗೊಮ್ಮೆ ಈಗೊಮ್ಮೆ ಪಲ್ಟಿ ಹೊಡೆದು ದಿಕ್ಕು ಬದಲಿಸುತ್ತಿದ್ದವು. ಇನ್ನಷ್ಟು ತಿರುಗಿಸಿದಾಗ ಮೇಲಿನ ಗಾಜು ಸಿಕ್ಕಿತು. ಅಲ್ಲಿ ಮತ್ತೆ ವೃತ್ತಗಳು, ಈ ಸಲ ಉಲ್ಟಾ ದಿಕ್ಕಿಗೆ. ಕೆಳಗೆ ಹೋದೆ, ಮೇಲೆ ಬಂದೆ, ಮತ್ತೆ ಕೆಳಗೆ ಹೋದೆ. ಪ್ರತಿ ಸಲವೂ ಹಾಗೇ ಇತ್ತು.