ಎಮರ್ಜೆನ್ಸಿ ಪ್ಲಾನ್ ಕಪಾಟಿನಿಂದ ಹೊರಗೆ ಬರಬೇಕಾದರೆ

ಒಂದು ಕ್ಲೋರಿನ್ ಟನ್ನರ್‌ನಲ್ಲಿ, ಅಂದರೆ ದೊಡ್ಡ ಉಕ್ಕಿನ ಸಿಲಿಂಡರ್‌ನಲ್ಲಿ, ಒತ್ತಿ ದ್ರವ ಮಾಡಿದ 900 ಕೆಜಿ ಗ್ಯಾಸ್ ಇರುತ್ತದೆ. ಹನ್ನೊಂದು ಟನ್ನರ್ ಅಂದರೆ 9.9 ಟನ್. ಹನ್ನೆರಡು ಅಂದರೆ 10.8. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳಲ್ಲಿ ಕ್ಲೋರಿನ್‌ಗೆ ಮೊದಲ ಮಿತಿ 10 ಟನ್. ಅಲ್ಲಿಗೆ ಮುಟ್ಟಿದರೆ ಆನ್‌ಸೈಟ್ ಎಮರ್ಜೆನ್ಸಿ ಪ್ಲಾನ್ (ಕಾರ್ಖಾನೆಯೊಳಗೆ ಅಪಘಾತವಾದರೆ ಯಾರು ಏನು ಮಾಡಬೇಕು ಎಂಬ ಯೋಜನೆ) ಬೇಕು, ಆರು ತಿಂಗಳಿಗೊಮ್ಮೆ ಮಾಕ್ ಡ್ರಿಲ್ ಬೇಕು, ಸುತ್ತಲಿನ ಜನರಿಗೆ ಮಾಹಿತಿ ಕೊಡಬೇಕು. 25 ಟನ್ ಮುಟ್ಟಿದರೆ ಸೇಫ್ಟಿ ರಿಪೋರ್ಟ್ ಕೂಡ ಬೇಕು.

ನಾನು ಸೇಫ್ಟಿ ಆಫೀಸರ್ ಆಗಿ ಸೇರಿದ ಮೊದಲ ಕಾರ್ಖಾನೆಯ ರಿಜಿಸ್ಟರ್‌ನಲ್ಲಿ ಯಾವತ್ತೂ ಹನ್ನೊಂದೇ ಟನ್ನರ್. ಒಂದು ಸೋಮವಾರ ಬೆಳಗ್ಗೆ ನಾನೇ ಹೋಗಿ ಎಣಿಸಿದೆ. ಶೆಡ್ಡಿನಲ್ಲಿ ಹನ್ನೊಂದು ಇದ್ದವು. ಗೇಟಿನ ಒಳಗೆ ಇನ್ನೂ ಇಳಿಸದ ಲಾರಿಯ ಮೇಲೆ ಆರು ಇದ್ದವು. ಒಟ್ಟು 15 ಟನ್‌ಗಿಂತ ಜಾಸ್ತಿ! ಭಾನುವಾರ ಹಮಾಲಿಗಳು ಬಂದಿರಲಿಲ್ಲ, ಲಾರಿ ಹಾಗೇ ನಿಂತಿತ್ತು, ಅಷ್ಟೇ.

ಅದಕ್ಕೇ ಈ ಕೆಲಸಕ್ಕೆ ಹೊಸದಾಗಿ ಬಂದವರು ಫೋನ್ ಮಾಡಿ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದಾಗ ನಾನು ಮೊದಲು ಹೇಳುವುದು ಇದನ್ನೇ: ಎಣಿಸಿ. ರಿಜಿಸ್ಟರ್ ನೋಡಬೇಡಿ, ಅಂಗಳ ನೋಡಿ. 'ಖಾಲಿ' ಅಂತ ಸೀಮೆಸುಣ್ಣದಲ್ಲಿ ಬರೆದ ಟನ್ನರ್‌ನಲ್ಲೂ ಸ್ವಲ್ಪ ಗ್ಯಾಸ್ ಉಳಿದಿರುತ್ತದೆ, ಅದನ್ನೂ ನೋಡಿ. ಒಂದು ದಿನ ಅತಿ ಹೆಚ್ಚು ಅಂದರೆ ಎಷ್ಟು ಇರಬಹುದು ಎಂಬ ಅಂಕಿಯ ಮೇಲೆ ಪ್ಲಾನ್ ಬರೆಯಿರಿ. ಮಿತಿಗಿಂತ 100 ಕೆಜಿ ಕಡಿಮೆ ಇದೆ ಅಂತ ನೆಮ್ಮದಿಯಿಂದ ಕೂರುವವರನ್ನು ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಪಕ್ಕದ ಹಳ್ಳಿಯ ಮೂಗಿಗೆ 9.9 ಆದರೇನು, 10.8 ಆದರೇನು?

ಆಮೇಲೆ ಪ್ಲಾನ್ ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡು ಕಾರ್ಖಾನೆಯೊಳಗೆ ನಡೆಯಿರಿ. ಕೂತು ಓದಬೇಡಿ. ನಾನು ಹಾಗೆ ನಡೆದ ದಿನ ಗೊತ್ತಾಯಿತು, ಪುಸ್ತಕದಲ್ಲಿ 'ಟ್ಯಾಂಕ್ ಫಾರ್ಮ್ ಪಕ್ಕ ಸೇರುವ ಜಾಗ' ಅಂತ ಇದೆ, ನಮ್ಮಲ್ಲಿ ಟ್ಯಾಂಕ್ ಫಾರ್ಮೇ, ಅಂದರೆ ದೊಡ್ಡ ಟ್ಯಾಂಕುಗಳ ಅಂಗಳವೇ, ಇರಲಿಲ್ಲ. ಬರೆದುಕೊಟ್ಟವರು ಬೇರೆ ಕಾರ್ಖಾನೆಯ ಪ್ಲಾನ್ ಎತ್ತಿ ಹೆಸರು ಬದಲಿಸಿದ್ದರು. ಅದಕ್ಕೆ ಮೂರು ವರ್ಷದಿಂದ ಸಹಿ, ಸೀಲು ಎಲ್ಲ ಬೀಳುತ್ತಿತ್ತು.

ಅಪಾಯದ ಹೊತ್ತಿನಲ್ಲಿ ಎಲ್ಲರೂ ಬಂದು ಸೇರುವ ಜಾಗ ಒಂದೇ ಇದ್ದರೆ ಸಾಲದು. ನಮ್ಮ ಕಡೆ ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಚಳಿಗಾಲದಲ್ಲಿ ಪೂರ್ವದಿಂದ. ಜುಲೈನಲ್ಲಿ ಸುರಕ್ಷಿತವಾದ ಜಾಗ ಡಿಸೆಂಬರ್‌ನಲ್ಲಿ ಗ್ಯಾಸಿನ ದಾರಿಯಲ್ಲೇ ಇರುತ್ತದೆ. ಹಾಗಾಗಿ ಎದುರುಬದುರು ದಿಕ್ಕಿನಲ್ಲಿ ಕನಿಷ್ಠ ಎರಡು ಜಾಗ ಇರಲಿ. ಯಾವುದಕ್ಕೆ ಹೋಗಬೇಕು ಅಂತ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ನೋಡಿ ತೀರ್ಮಾನಿಸುವುದನ್ನು ಪ್ರತಿಯೊಬ್ಬರಿಗೂ ಕಲಿಸಿ. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ನೆಲದ ಮೇಲೇ ಹರಿಯುತ್ತದೆ. ತಗ್ಗಿನಲ್ಲಿರುವ ಸೈಕಲ್ ಸ್ಟ್ಯಾಂಡನ್ನು ಸೇರುವ ಜಾಗ ಮಾಡಬೇಡಿ.

ಇನ್ನು ಮಾಕ್ ಡ್ರಿಲ್. ಎಲ್ಲ ಕಡೆ ಇದು ನಡೆಯುವುದು ಬೆಳಗ್ಗೆ ಹನ್ನೊಂದಕ್ಕೆ. ಹಿಂದಿನ ದಿನವೇ ನೋಟಿಸ್, ಕಾರ್ಖಾನೆ ಇಲಾಖೆಯವರಿಗೆ ಕುರ್ಚಿ, ಕೊನೆಗೆ ಟೀ. ಅದೂ ಇರಲಿ. ಆದರೆ ವರ್ಷದ ಎರಡು ಡ್ರಿಲ್‌ಗಳಲ್ಲಿ ಒಂದನ್ನು ಮಧ್ಯರಾತ್ರಿ ಮಾಡಿ. ಮೇಲಿನವರನ್ನು ಒಪ್ಪಿಸಲು ನನಗೆ ಎಂಟು ತಿಂಗಳು ಬೇಕಾಯಿತು. ಕೊನೆಗೂ ಒಂದು ಫೆಬ್ರವರಿ ರಾತ್ರಿ, ಎರಡೂವರೆಗೆ ಸೈರನ್ ಒತ್ತಿಸಿದೆ.

ಗುತ್ತಿಗೆಯ ಹುಡುಗರು ಟಿಫಿನ್ ಡಬ್ಬಿ ಎತ್ತಿಕೊಂಡು ಗೇಟಿನ ಕಡೆ ನಡೆದರು. ಅವರಿಗೆ ಆ ಸೈರನ್ ಅಂದರೆ ಶಿಫ್ಟ್ ಮುಗಿಯಿತು ಅಂತ. ಅರ್ಧದಷ್ಟು ಜನ ಬಿಹಾರ, ಒಡಿಶಾದವರು, ನಮ್ಮ ಬೋರ್ಡುಗಳು ಕನ್ನಡ, ಇಂಗ್ಲಿಷ್‌ನಲ್ಲಿ ಮಾತ್ರ ಇದ್ದವು. ಗ್ಯಾಸಿನೊಳಗೆ ಉಸಿರಾಡಲು ಹಾಕಿಕೊಳ್ಳುವ ಬ್ರೀದಿಂಗ್ ಸೆಟ್ ಇಟ್ಟಿದ್ದ ಪೆಟ್ಟಿಗೆಗೆ ಬೀಗ. ಕೀಲಿ ಹಗಲು ಶಿಫ್ಟಿನ ಇನ್‌ಚಾರ್ಜ್ ಮನೆಯಲ್ಲಿ. ಗಾಳಿಚೀಲದ ಮೇಲೆ ಲೈಟ್ ಇರಲಿಲ್ಲ, ಆ ಕತ್ತಲಲ್ಲಿ ಗಾಳಿ ಯಾವ ಕಡೆ ಅಂತ ಯಾರಿಗೂ ಕಾಣಲಿಲ್ಲ. ತಲೆ ಎಣಿಸಿದರೆ 38. ಗೇಟಿನ ಪುಸ್ತಕದಲ್ಲಿ 41. ಉಳಿದ ಮೂವರು ಲಾರಿ ಡ್ರೈವರ್‌ಗಳು. ಲಾರಿ ತೂಗುವ ವೇಬ್ರಿಡ್ಜ್ ಪಕ್ಕ, ಲಾರಿ ಕೆಳಗೆ ಚಾಪೆ ಹಾಸಿ ಮಲಗಿದ್ದರು. ನಾನು ಟಾರ್ಚ್ ಬಿಟ್ಟಾಗ ಒಬ್ಬರು ಕಣ್ಣುಜ್ಜಿಕೊಂಡು, 'ಗಾಡಿ ಮುಂದೆ ತಗೀಬೇಕಾ ಸಾರ್?' ಅಂದರು. ನಿಜವಾದ ಸೋರಿಕೆಯಾಗಿದ್ದರೆ ಅವರು ಏಳುತ್ತಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮರುದಿನದಿಂದ ಬದಲಿಸಿದ್ದನ್ನು ನೀವೂ ನೇರವಾಗಿ ಮಾಡಬಹುದು. ಶಿಫ್ಟಿಗೆ ಸೈರನ್ ನಿಲ್ಲಿಸಿ ಗಂಟೆ ಇಟ್ಟೆವು, ಸೈರನ್ ಅಪಾಯಕ್ಕೆ ಮಾತ್ರ. ಬ್ರೀದಿಂಗ್ ಸೆಟ್ ಪೆಟ್ಟಿಗೆಗೆ ಬೀಗದ ಬದಲು ಒಡೆಯುವ ಪ್ಲಾಸ್ಟಿಕ್ ಸೀಲ್ ಹಾಕಿದೆವು. ಪೆಟ್ಟಿಗೆಯನ್ನು ಕ್ಲೋರಿನ್ ಶೆಡ್ಡಿನ ಒಳಗಿಂದ ಹೊರಗೆ ತಂದೆವು, ಗ್ಯಾಸಿನೊಳಗೆ ನುಗ್ಗಿ ಸೆಟ್ ತರುವುದಕ್ಕೆ ಆಗುತ್ತದಾ? ಗಾಳಿಚೀಲಕ್ಕೆ ಲೈಟ್ ಹಾಕಿಸಿದೆವು. ಡ್ರೈವರ್‌ಗಳಿಗೆ ಗೇಟಿನ ಹೊರಗೆ ಮಲಗುವ ಕೋಣೆ ಕಟ್ಟಿಸಿದೆವು. ಹಿಂದಿ, ಒಡಿಯಾ ಬರುವ ಇಬ್ಬರು ಹುಡುಗರೇ ತಮ್ಮವರಿಗೆ ಪಾಠ ಹೇಳುತ್ತಾರೆ. ನಾನು ಹೇಳಿದರೆ ತಲೆಯಾಡಿಸುತ್ತಿದ್ದವರು ಅವರು ಹೇಳಿದರೆ ಪ್ರಶ್ನೆ ಕೇಳುತ್ತಾರೆ.

ಸೋರಿಕೆ ತಡೆಯುವ ಕೈಕೆಲಸದ ಬಗ್ಗೆ ಎರಡೇ ಮಾತು, ಉಳಿದಿದ್ದನ್ನು ಟನ್ನರ್ ಕಿಟ್ (ಸೋರಿಕೆ ಮುಚ್ಚುವ ಉಪಕರಣಗಳು) ಕೈಗೆ ಕೊಟ್ಟು ಕಲಿಸಬೇಕು. ಸೋರುವ ಟನ್ನರ್ ಮೇಲೆ ನೀರು ಹಾಕಬೇಡಿ, ತೂತು ದೊಡ್ಡದಾಗುತ್ತದೆ. ದ್ರವ ಸೋರುತ್ತಿದ್ದರೆ ಸೋರುವ ಜಾಗ ಮೇಲೆ ಬರುವಂತೆ ಟನ್ನರ್ ಉರುಳಿಸಿ. ಆಗ ದ್ರವದ ಬದಲು ಗ್ಯಾಸ್ ಬರುತ್ತದೆ. ಒಂದು ಪಾಲು ದ್ರವ ಸುಮಾರು 460 ಪಾಲು ಗ್ಯಾಸ್ ಆಗುವುದರಿಂದ ಇಷ್ಟರಿಂದಲೇ ಸೋರಿಕೆ ಬಹಳ ತಗ್ಗುತ್ತದೆ. ಚಿಕ್ಕ ಸೋರಿಕೆ ಹುಡುಕಲು ನಾವು ಅಮೋನಿಯಾ ಬಾಟಲಿ ಹಿಡಿಯುತ್ತೇವೆ, ಸೋರುವ ಕಡೆ ಬಿಳಿ ಹೊಗೆ ಏಳುತ್ತದೆ. ನಮ್ಮಲ್ಲಿ ಹೆಚ್ಚಿನ ಸಲ ಹೊಗೆ ಎದ್ದದ್ದು ಹಳೆಯ ಲೆಡ್ ವಾಷರ್ ಮತ್ತೆ ಹಾಕಿದ ಕಡೆ. ಪ್ರತಿ ಜೋಡಣೆಗೂ ಹೊಸ ವಾಷರ್ ಹಾಕಿ, ಹಳೆಯದನ್ನು ಅಲ್ಲೇ ಬಗ್ಗಿಸಿ ಎಸೆಯಿರಿ.

ನಾವೆಲ್ಲ ಅತಿ ಕಡಿಮೆ ಗಮನ ಕೊಡುವುದು ಗೇಟಿನಾಚೆಯ ಜನರಿಗೆ. 1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ಊರಿಗೆ ಕೇಳುವ ಸೈರನ್ನನ್ನು ಬೇಗನೇ ಆರಿಸಿಬಿಟ್ಟಿದ್ದರು. ಈ ನಿಯಮಗಳೆಲ್ಲ ಬಂದದ್ದೇ ಆ ದುರಂತದ ನಂತರ. ಆದರೂ 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದಲ್ಲಿ ಸ್ಟೈರಿನ್ ಸೋರಿದಾಗ ಜನ ಸೈರನ್ ಕೇಳಲೇ ಇಲ್ಲ. ಮಧ್ಯೆ ಮೂವತ್ತೈದು ವರ್ಷ ಹೋಗಿವೆ, ನೋಡಿ.

ಜನರಿಗೆ ತಿಳಿಸಬೇಕು ಅಂತ ನಿಯಮ ಹೇಳುತ್ತದೆ. ನಾವು ಕರಪತ್ರ ಹಂಚಿದ್ದೆವು. 'ವಿಷಾನಿಲ ಸೋರಿಕೆಯ ಸಂದರ್ಭದಲ್ಲಿ ಸಾರ್ವಜನಿಕರು ಅನುಸರಿಸಬೇಕಾದ ಕ್ರಮಗಳು' ಅಂತ ಶುರು. ಹಳ್ಳಿಯ ಒಬ್ಬ ಅಜ್ಜಿ ಅದನ್ನು ಮೊಮ್ಮಗಳ ಕೈಲಿ ಓದಿಸಿ, ನನ್ನನ್ನು ಕಟ್ಟೆ ಮೇಲೆ ಕೂರಿಸಿ ಕೇಳಿದರು: 'ಓಡ್ಬೇಕೋ, ಒಳಗೆ ಕೂತ್ಕೋಬೇಕೋ, ಅಷ್ಟು ಹೇಳಪ್ಪ. ಮತ್ತೆ ನಮ್ ದನ ಏನ್ ಮಾಡೋದು?'

ದನದ ಬಗ್ಗೆ ನಮ್ಮ ಪ್ಲಾನ್‌ನಲ್ಲಿ ಒಂದು ಸಾಲೂ ಇರಲಿಲ್ಲ. ಹೊಸ ಕರಪತ್ರವನ್ನು ಆ ಕಟ್ಟೆ ಮೇಲೇ ಬರೆದೆವು. ಬ್ಲೀಚಿಂಗ್ ಪೌಡರ್‌ನಂಥ ಘಾಟು ಬಂದರೆ ತೆಂಗಿನ ಗರಿ ನೋಡಿ, ಗಾಳಿ ಯಾವ ಕಡೆ ಹೋಗುತ್ತಿದೆ ಅಂತ ತಿಳಿಯುತ್ತದೆ. ಅದಕ್ಕೆ ಅಡ್ಡವಾಗಿ ನಡೆಯಿರಿ, ಗಾಳಿಯ ಜೊತೆ ಓಡಬೇಡಿ. ಒದ್ದೆ ಬಟ್ಟೆ ಮೂಗಿಗೆ ಹಿಡಿಯಿರಿ. ಹಳ್ಳಕ್ಕೆ ಇಳಿಯಬೇಡಿ. ಹೊರಗೆ ಹೋಗಲು ಆಗದಿದ್ದರೆ ಬಾಗಿಲು, ಕಿಟಕಿ ಮುಚ್ಚಿ, ಮಹಡಿ ಇದ್ದರೆ ಮೇಲೆ ಹೋಗಿ. ದನ ಬಿಚ್ಚಲು ನಿಲ್ಲಬೇಡಿ, ಮೊದಲು ಮಕ್ಕಳು. ಇಷ್ಟನ್ನು ಅಜ್ಜಿ ಎರಡು ಸಲ ಹೇಳಿಸಿ, ತಾವೇ ತಿರುಗಿ ಒಪ್ಪಿಸಿದರು. ಹಾಗೆ ಒಪ್ಪಿಸಲು ಬಂದರೆ ಮಾತ್ರ ಕರಪತ್ರ ಅಚ್ಚಿಗೆ ಕೊಡಿ. ಆಶಾ ಕಾರ್ಯಕರ್ತೆಯರಿಗೂ ಶಾಲೆಯ ಹೆಡ್‌ಮಾಸ್ಟರ್‌ಗೂ ಕೈಯಾರೆ ತಲುಪಿಸಿ. ಪಶುವೈದ್ಯರ ನಂಬರನ್ನೂ ಪ್ಲಾನ್‌ಗೆ ಸೇರಿಸಿ.

ನಂಬರ್ ಅಂದಾಗ ನೆನಪಾಯಿತು. ಪ್ರತಿ ತಿಂಗಳ ಒಂದನೇ ತಾರೀಕು, ರಾತ್ರಿ ಪಾಳಿಯಲ್ಲಿ, ಪಟ್ಟಿಯಲ್ಲಿರುವ ಎಲ್ಲ ನಂಬರಿಗೂ ಫೋನ್ ಮಾಡಿಸಿ. ಅಗ್ನಿಶಾಮಕ ಠಾಣೆ, ಆಸ್ಪತ್ರೆ, ತಹಶೀಲ್ದಾರ್, ಪಕ್ಕದ ಕಾರ್ಖಾನೆ, ಎಲ್ಲರಿಗೂ. ಫೋನ್ ಮಾಡಬೇಕಾದವರು ನೀವಲ್ಲ, ಗೇಟಿನ ಸೆಕ್ಯುರಿಟಿಯವರು, ಏಕೆಂದರೆ ನಿಜವಾದ ದಿನ ಮಾಡಬೇಕಾದವರು ಅವರೇ. ಕಳೆದ ತಿಂಗಳು 22ರಲ್ಲಿ 4 ನಂಬರ್ ಹತ್ತಲಿಲ್ಲ, ಅದರಲ್ಲಿ ಒಂದು ಆಸ್ಪತ್ರೆಯದು. ಹೊಸ ಪಟ್ಟಿ ಅಂಟಿಸುವಾಗ ಹಳೆಯದನ್ನು ಗೇಟಿನಿಂದ, ಕಂಟ್ರೋಲ್ ರೂಮಿನಿಂದ, ಆಂಬುಲೆನ್ಸಿನ ಬಾಗಿಲಿನಿಂದ ಕಿತ್ತು ತೆಗೆಯಿರಿ. ಆಂಬುಲೆನ್ಸಿನದು ಸಾಮಾನ್ಯವಾಗಿ ಮರೆತುಹೋಗುತ್ತದೆ.