ಮಗುವಿನ ಚೀಲ ಕಟ್ಟುವಾಗ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಬಾಣಂತನ ಮುಗಿಸಿ ಮಗಳನ್ನು ಗಂಡನ ಮನೆಗೆ ಕಳುಹಿಸುವ ದಿನ ಹತ್ತಿರ ಬಂತೆಂದರೆ ಮನೆಮಂದಿಯ ಗಮನವೆಲ್ಲ ಕಾಫಿಪುಡಿ, ಕರಿಮೆಣಸು, ಉಪ್ಪಿನಕಾಯಿ ಕಟ್ಟುವುದರ ಮೇಲೆ. ಮಗುವಿನ ಚೀಲ ಹಿಂದಿನ ರಾತ್ರಿ ಅವಸರದಲ್ಲಿ ತುಂಬುತ್ತದೆ. ನಮ್ಮ ಕೊಡಗಿಗೆ ರೈಲಿಲ್ಲ, ಎಲ್ಲಿಗೆ ಹೊರಟರೂ ಮೊದಲು ರಸ್ತೆಯೇ ಗತಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮೂರು ಗಂಟೆ ಸಾಕು ಅನ್ನುತ್ತೇವೆ. ಮಳೆಗಾಲದಲ್ಲಿ ಆ ಮಾತನ್ನು ನಂಬಿ ಚೀಲ ಕಟ್ಟಬೇಡಿ.

ನನ್ನ ಮೊದಲ ಮೊಮ್ಮಗಳಿಗೆ ಆಗ ನಾಲ್ಕು ತಿಂಗಳು. ಜುಲೈ ಮಳೆ. ಸುಂಟಿಕೊಪ್ಪ ದಾಟಿದ ಮೇಲೆ ರಸ್ತೆಗೆ ಅಡ್ಡಲಾಗಿ ಮರ ಬಿದ್ದು ಎರಡೂವರೆ ಗಂಟೆ ನಿಂತೆವು. ಮಗು ಮೈಯೆಲ್ಲ ಒದ್ದೆ ಮಾಡಿಕೊಂಡಿತ್ತು. ಅದರ ಬಟ್ಟೆಯ ಚೀಲವನ್ನು ನಾನೇ ಡಿಕ್ಕಿಯಲ್ಲಿ ಅಕ್ಕಿ ಮೂಟೆಯ ಕೆಳಗೆ ತುರುಕಿದ್ದೆ. ಆ ಸುರಿಮಳೆಯಲ್ಲಿ ಡಿಕ್ಕಿ ತೆರೆದರೆ ಇದ್ದದ್ದೂ ನೆನೆಯುತ್ತಿತ್ತು. ಮಗಳು ತನ್ನ ದುಪ್ಪಟ್ಟಾದಲ್ಲೇ ಮಗುವನ್ನು ಸುತ್ತಿ ಎದೆಗವಚಿಕೊಂಡು ಕೂತಳು. ಆ ಚಿತ್ರ ಇವತ್ತಿಗೂ ಕಣ್ಣಮುಂದಿದೆ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ: ದಾರಿ ಎಷ್ಟು ಗಂಟೆಯದೋ ಅದರ ಎರಡರಷ್ಟಕ್ಕೆ ಮಗುವಿನ ಸಾಮಾನು, ಅದೂ ತಾಯಿಯ ಕಾಲ ಬಳಿ, ಕೈಗೆ ಸಿಗುವಂತೆ. ದೊಡ್ಡ ಪೆಟ್ಟಿಗೆಯಲ್ಲಿ ಏನು ಬೇಕಾದರೂ ಇರಲಿ.

ಕೈಚೀಲದೊಳಗೆ ಬಟ್ಟೆಗಳನ್ನು ಬಿಡಿಬಿಡಿಯಾಗಿ ಇಡಬೇಡಿ. ಒಂದು ಅಂಗಿ, ಒಂದು ಚಡ್ಡಿ, ಒಂದು ಡೈಪರ್ ಅಥವಾ ಲಂಗೋಟಿ, ಒರೆಸಲು ಹಳೆಯ ಹತ್ತಿ ಸೀರೆಯ ಒಂದು ತುಂಡು, ಇಷ್ಟನ್ನೂ ಒಟ್ಟಿಗೆ ಚಾಪೆ ಸುತ್ತಿದಂತೆ ಬಿಗಿಯಾಗಿ ಸುತ್ತಿ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ. ಅಂಥ ಐದಾರು ಸುರುಳಿ ಮಾಡಿಕೊಳ್ಳಿ. ಕತ್ತಲಲ್ಲಿ, ಓಡುವ ಬಸ್ಸಿನಲ್ಲಿ ಕೈ ಹಾಕಿದರೂ ಒಂದು ಸುರುಳಿ ಸಿಕ್ಕಿತೆಂದರೆ ಎಲ್ಲವೂ ಸಿಕ್ಕಂತೆ. ಬಿಚ್ಚಿದ ಒದ್ದೆ ಬಟ್ಟೆ ಅದೇ ಕವರಿಗೆ ಹೋಗಿ ಗಂಟು ಬೀಳುತ್ತದೆ, ಮಿಕ್ಕ ಬಟ್ಟೆಗೆ ವಾಸನೆ ತಗಲುವುದಿಲ್ಲ. ಆದರೆ ಖಾಲಿ ಕವರನ್ನು ಮಗುವಿನ ಕೈಗೆಟುಕುವಲ್ಲಿ ಬಿಡಬೇಡಿ.

ಮಳೆಗಾಲದ ಬಟ್ಟೆಯ ವಿಷಯ ಬೇರೆಯೇ ಹೇಳಬೇಕು. ಒಲೆಯ ಮೇಲಿನ ಹಗ್ಗದಲ್ಲಿ ಎರಡು ದಿನ ತೂಗಿದರೂ ಹೊಲಿಗೆಯೊಳಗೆ ತೇವ ಉಳಿದಿರುತ್ತದೆ. ಕೈಗೆ ಅದು ಗೊತ್ತಾಗುವುದಿಲ್ಲ. ಕಂಕುಳ ಹತ್ತಿರದ ಹೊಲಿಗೆಯನ್ನು ನಿಮ್ಮ ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಅನಿಸಿದರೆ ಇನ್ನೂ ಒಣಗಿಲ್ಲ. ಒಳಮಗ್ಗುಲು ಹೊರಗೆ ಮಾಡಿ ಇಸ್ತ್ರಿ ಹಾಕಿ, ಬಿಸಿ ಆರಿದ ಮೇಲೆಯೇ ಸುತ್ತಿ. ಬಿಸಿಯಿದ್ದಾಗಲೇ ಕವರಿಗೆ ಹಾಕಿದರೆ ಒಳಗೆ ಬೆವರುತ್ತದೆ. ಹೊಗೆ ಹಿಡಿದ ಬಟ್ಟೆಯನ್ನು ಎಳೆ ಮಗುವಿಗೆ ತೊಡಿಸಬೇಡಿ. ಆದ್ದರಿಂದ ಹೊರಡುವ ನಾಲ್ಕು ದಿನ ಮುಂಚೆಯೇ ಒಗೆತ ಮುಗಿದಿರಲಿ.

ಮಂಗಳೂರು ಕಡೆಗೆ ಇಳಿಯುವವರಿಗೆ ಇನ್ನೊಂದು ಮಾತು. ಮಡಿಕೇರಿಯ ಚಳಿಗೆಂದು ಕುಲಾವಿ, ಸ್ವೆಟರ್, ಕಾಲುಚೀಲ ಎಲ್ಲ ಹಾಕಿ ಹೊರಡುತ್ತೀರಿ. ಸುಳ್ಯ ಮುಟ್ಟುವ ಹೊತ್ತಿಗೆ ಸುಮಾರು ಸಾವಿರ ಮೀಟರ್ ಕೆಳಗಿಳಿದಿರುತ್ತೀರಿ, ಸೆಕೆ ಶುರುವಾಗಿರುತ್ತದೆ. ಮಗು ಸುಮ್ಮನೆ ಅಳುತ್ತಿದೆ ಅಂದುಕೊಳ್ಳುತ್ತೇವೆ, ಒಳಗೆ ಬೆವರಿನಲ್ಲಿ ನೆಂದಿರುತ್ತದೆ. ಅಂಗೈ ಅಂಗಾಲು ಮುಟ್ಟಿ ತೀರ್ಮಾನಿಸಬೇಡಿ, ಕತ್ತಿನ ಹಿಂಭಾಗ ಮುಟ್ಟಿ. ಒಂದು ದಪ್ಪ ಸ್ವೆಟರಿಗಿಂತ ಎರಡು ತೆಳು ಅಂಗಿ ಮೇಲು, ಒಂದನ್ನು ತೆಗೆಯಬಹುದು. ಘಟ್ಟದ ತಿರುವು ಶುರುವಾಗುವ ಅರ್ಧ ಗಂಟೆ ಮುಂಚೆ ಗಾಡಿ ನಿಲ್ಲಿಸಿ ಹಾಲು ಕುಡಿಸಿ, ಹೆಗಲಿಗೆ ಹಾಕಿ ತೇಗು ಬರಿಸಿ. ಹೊಟ್ಟೆ ತುಂಬಿದ ಕೂಡಲೇ ತಿರುವಿಗೆ ಬಿದ್ದರೆ ಕಕ್ಕುವುದು ಖಂಡಿತ. ನಿಲ್ಲಿಸಿದಾಗ ಮಗುವನ್ನು ರಸ್ತೆ ಬದಿಯ ಹುಲ್ಲಿನ ಮೇಲೆ ಮಲಗಿಸಬೇಡಿ, ಮಳೆಗಾಲದಲ್ಲಿ ಜಿಗಣೆ ಬಿಡುವುದಿಲ್ಲ.

2018ರ ಆಗಸ್ಟಿನಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡ ಕುಸಿದು ಅದೇ ದಾರಿ ನಿಂತುಹೋದದ್ದು ನಾವ್ಯಾರೂ ಮರೆತಿಲ್ಲ. ಜೋರು ಮಳೆಯ ಎಚ್ಚರಿಕೆ ಇದ್ದರೆ ಹೊರಡಲೇಬೇಡಿ. ನಾಮಕರಣದ ಮುಹೂರ್ತವಾದರೂ ಸರಿ, ಕಾಯಲಿ.

ಆರು ತಿಂಗಳ ಒಳಗಿನ ಮಗುವಿಗೆ ಎದೆಹಾಲೊಂದೇ ಸಾಕು, ಬಿಸಿಲಿದ್ದರೂ ನೀರು ಬೇಡ. ಡಬ್ಬಿ ಹಾಲು ಕುಡಿಯುವ ಮಗುವಾದರೆ ಕಲಸಿದ ಹಾಲನ್ನು ಒಯ್ಯಬೇಡಿ. ಕುದಿ ನೀರನ್ನು ಫ್ಲಾಸ್ಕಿಗೆ ತುಂಬಿ, ಒಂದೊಂದು ಸಲಕ್ಕೆ ಬೇಕಾದ ಪುಡಿಯನ್ನು ಒಣಗಿದ ಸಣ್ಣ ಡಬ್ಬಿಗಳಲ್ಲಿ ಅಳೆದಿಟ್ಟು, ಬೇಕಾದಾಗ ಕಲಸಿ, ಬಾಟಲಿಯನ್ನು ತಣ್ಣೀರಲ್ಲಿ ಹಿಡಿದು ಆರಿಸಿ, ಮುಂಗೈ ಮೇಲೆ ಹನಿ ಬಿಟ್ಟು ನೋಡಿ ಕೊಡಿ. ಕುಡಿದು ಬಿಟ್ಟದ್ದನ್ನು ಚೆಲ್ಲಿಬಿಡಿ. ಆರು ತಿಂಗಳು ದಾಟಿದ್ದರೆ ರಾಗಿ ಸರಿ, ಸಿಪ್ಪೆ ಸುಲಿಯದ ಬಾಳೆಹಣ್ಣು, ತಿನ್ನಿಸಲು ಒಂದು ಚಮಚ ಚೀಲದಲ್ಲಿದ್ದರೆ ಸಾಕು. ನೆಂಟರು ಪ್ರೀತಿಯಿಂದ ಕೊಡುವ ಕೊಡಗಿನ ಜೇನು ದೊಡ್ಡವರಿಗೆ. ಒಂದು ವರ್ಷದೊಳಗಿನ ಮಗುವಿನ ನಾಲಿಗೆಗೆ ಅದನ್ನು ತಾಗಿಸಲೂಬಾರದು. ಮುಂಚೆ ನಾವು ತಾಗಿಸುತ್ತಿದ್ದೆವು. ಎಳೆ ಕರುಳಿಗೆ ಅದರಲ್ಲಿರಬಹುದಾದ ರೋಗಾಣು ಅಪಾಯವೆಂದು ವೈದ್ಯರು ತಿಳಿಸಿದ ಮೇಲೆ ಬಿಟ್ಟೆವು.

ಔಷಧಿಯ ಪುಟ್ಟ ಡಬ್ಬಿಯಲ್ಲಿ ಥರ್ಮಾಮೀಟರ್, ಓಆರ್‌ಎಸ್ ಪೊಟ್ಟಣ, ವೈದ್ಯರು ಮಗುವಿನ ತೂಕ ನೋಡಿ ಬರೆದುಕೊಟ್ಟ ಜ್ವರದ ಹನಿ ಇರಲಿ. ಜೊತೆಗೆ ತಾಯಿ ಕಾರ್ಡ್. ನಿದ್ದೆ ಬರಲೆಂದು, ವಾಂತಿ ನಿಲ್ಲಲೆಂದು ನಿಮ್ಮಷ್ಟಕ್ಕೇ ಯಾವ ಔಷಧಿಯನ್ನೂ ಕೊಡಬೇಡಿ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಪ್ರಯಾಣ ಬಿಟ್ಟು ಆಸ್ಪತ್ರೆಗೆ ಹೋಗಿ. ಲಸಿಕೆ ಹಾಕಿಸಿದ ಮರುದಿನವೇ ಹೊರಡುವುದೂ ಬೇಡ, ಚುಚ್ಚಿದ ಕಾಲು ನೋಯುತ್ತಿರುತ್ತದೆ.

ಕಾರಿನಲ್ಲಾದರೆ ಮುಂದಿನ ಸೀಟಿನಲ್ಲಿ ಮಡಿಲಲ್ಲಿಟ್ಟು ಕೂರಬೇಡಿ. ಹಿಂದಿನ ಸೀಟಿಗೆ ಕಟ್ಟುವ, ಮಗುವಿನ ಮುಖ ಹಿಂದಕ್ಕಿರುವ ಮಕ್ಕಳ ಸೀಟು ಕೊಳ್ಳಿ. ಬೆಲೆ ಜಾಸ್ತಿ ಅನಿಸಿದರೆ ಅಜ್ಜಿಮನೆಯ ಉಡುಗೊರೆ ಅದೇ ಆಗಲಿ, ಬೆಳ್ಳಿ ಗೆಜ್ಜೆ ಆಮೇಲೆ.

ಇನ್ನು ತಾಯಿ. ಚೀಲ ಕಟ್ಟುವ ಗಡಿಬಿಡಿಯಲ್ಲಿ ಅವಳನ್ನು ಎಲ್ಲರೂ ಮರೆಯುತ್ತಾರೆ. ಹಾಲುಣಿಸುವವಳಿಗೆ ಬಾಯಾರಿಕೆ, ಹಸಿವು ಎರಡೂ ಬೇಗ. ಒಂದು ಬಾಟಲಿ ಬಿಸಿನೀರು, ನಾಲ್ಕು ಅಕ್ಕಿರೊಟ್ಟಿ, ಎದುರಿಗೆ ಗುಂಡಿಯಿರುವ ಒಂದು ಬದಲಿ ಅಂಗಿ, ಹೊದೆಯಲು ಒಂದು ಶಾಲು. ಇದನ್ನೂ ಅದೇ ಕೈಚೀಲದಲ್ಲಿ, ಎಲ್ಲಕ್ಕಿಂತ ಮೇಲೆ ಇಡಿ.