ಗವನ್ ಕ್ಷೇತ್ರದ ಚರಿತ್ರೆ: ಸ್ಕಾಟ್‌ಲೆಂಡಿನಲ್ಲಿ ಓಟು ಹಾಕುವ ಕನ್ನಡಿಗರಿಗೆ

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಸ್ಕಾಟ್‌ಲೆಂಡಿನಲ್ಲಿ ಓಟು ಹಾಕಬಹುದು. ಸ್ಟೂಡೆಂಟ್ ವೀಸಾ, ಸ್ಕಿಲ್ಡ್ ವರ್ಕರ್ ವೀಸಾ, ಡಿಪೆಂಡೆಂಟ್ ವೀಸಾ, ಯಾವುದಿದ್ದರೂ ಸರಿ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ಇಲ್ಲಿ ಕಾನೂನುಬದ್ಧವಾಗಿ ನೆಲೆಸಿದ ಭಾರತೀಯರಿಗೆ ಈ ಹಕ್ಕು ಇದೆ, ಇದರಿಂದ ಭಾರತದ ಪೌರತ್ವಕ್ಕೆ ಏನೂ ಧಕ್ಕೆಯಿಲ್ಲ. ತೊಡಕು ಇರುವುದು ಬೇರೆ ಕಡೆ. ಒಂದೇ ಮನೆ ಮೂರು ಬಗೆಯ ಚುನಾವಣೆಗೆ (ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಂಸತ್ತು, ಎಡಿನ್‌ಬರೋದ ಸ್ಕಾಟಿಷ್ ಸಂಸತ್ತು, ಊರಿನ ಕೌನ್ಸಿಲ್) ಒಳಪಡುತ್ತದೆ, ಪ್ರತಿಯೊಂದಕ್ಕೂ ಬೇರೆ ಗಡಿ, ಬೇರೆ ಎಣಿಕೆ. ಬರೀ ನಿಯಮ ಓದಿದರೆ ಇದು ತಲೆಗೆ ಹತ್ತುವುದು ಕಷ್ಟ. ಒಂದು ಕ್ಷೇತ್ರದ ಚರಿತ್ರೆ ಹಿಡಿದು ಹೊರಟರೆ ಸಲೀಸು. ಅದಕ್ಕೆ ಗ್ಲಾಸ್ಗೋದ ಗವನ್‌ನಷ್ಟು ಒಳ್ಳೆಯ ಉದಾಹರಣೆ ಸಿಗುವುದು ಅಪರೂಪ. ಆ ಹೆಸರಿನ ಸಂಸತ್ ಕ್ಷೇತ್ರ ಈಗ ಯಾವ ನಕ್ಷೆಯಲ್ಲೂ ಇಲ್ಲ, ಆದರೆ ಊರು ಇದ್ದಲ್ಲೇ ಇದೆ.

ಗವನ್ ಇರುವುದು ಕ್ಲೈಡ್ ನದಿಯ ದಕ್ಷಿಣ ದಂಡೆಯಲ್ಲಿ. ರೇಂಜರ್ಸ್ ತಂಡದ ಐಬ್ರಾಕ್ಸ್ ಮೈದಾನ, ಎನ್‌ಎಚ್‌ಎಸ್‌ನಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಕ್ವೀನ್ ಎಲಿಜಬೆತ್ ಯೂನಿವರ್ಸಿಟಿ ಆಸ್ಪತ್ರೆ, ಎರಡೂ ಇಲ್ಲಿಯವು. ಒಂದು ಕಾಲಕ್ಕೆ ಇದು ಹಡಗು ಕಟ್ಟುವವರ ಸ್ವತಂತ್ರ ಪಟ್ಟಣವಾಗಿತ್ತು. ಗ್ಲಾಸ್ಗೋ ನಗರಕ್ಕೆ ಸೇರಿದ್ದು 1912ರಲ್ಲಿ. ಸಂಸತ್ ಕ್ಷೇತ್ರ ಅದಕ್ಕೂ ಮೊದಲೇ, 1885ರಲ್ಲಿ, ಲನಾರ್ಕ್‌ಶೈರಿನ ಒಂದು ವಿಭಾಗವಾಗಿ ಹುಟ್ಟಿತು. ಮೊದಲ ಎಂಪಿ ವಿಲಿಯಂ ಪಿಯರ್ಸ್, ಫೇರ್‌ಫೀಲ್ಡ್ ಹಡಗುಕಟ್ಟೆಯ ಮಾಲೀಕ, ಕನ್ಸರ್ವೇಟಿವ್. ಹಡಗುಕಟ್ಟೆಯ ಧಣಿಯೇ ಊರಿನ ಎಂಪಿ ಆಗುತ್ತಿದ್ದ ಕಾಲ ಅದು. ಅವರ ನಂತರ ಲಿಬರಲ್ಲರೂ ಕನ್ಸರ್ವೇಟಿವ್‌ಗಳೂ ಸರದಿಯಂತೆ ಗೆದ್ದರು. 1918ರಲ್ಲಿ ಓಟಿನ ಹಕ್ಕು ವಿಸ್ತರಿಸಿದಾಗ ಲೇಬರ್ ಪಕ್ಷದ ನೀಲ್ ಮೆಕ್ಲೀನ್ ಗೆದ್ದು, 1950ರವರೆಗೂ ಬಿಡದೆ ಕೂತರು.

ಅಲ್ಲಿಂದಾಚೆ ಗವನ್ ಅಂದರೆ ಲೇಬರ್ ಎಂಬ ಮಾತು ಬೇರೂರಿತು. ಪೂರ್ತಿ ನಿಜವಲ್ಲ. 1950ರಲ್ಲಿ ಗಡಿ ಬದಲಾದಾಗ ಯೂನಿಯನಿಸ್ಟ್ ಪಕ್ಷದ ಜ್ಯಾಕ್ ನಿಕ್ಸನ್ ಬ್ರೌನ್ ಕೆಲವೇ ನೂರು ಓಟಿನಿಂದ ಗೆದ್ದರು. ಸ್ಕಾಟ್‌ಲೆಂಡಿನ ಕನ್ಸರ್ವೇಟಿವ್‌ಗಳಿಗೆ 1965ರವರೆಗೆ ಇದ್ದ ಹೆಸರು ಅದೇ, ಹಳೆಯ ಫಲಿತಾಂಶ ನೋಡುವಾಗ ನೆನಪಿರಲಿ. 1955ರಲ್ಲಿ ಗಡಿ ಮತ್ತೆ ಸರಿಯಿತು. ಬ್ರೌನ್ ಪಕ್ಕದ ಕ್ರೇಗ್ಟನ್‌ಗೆ ಹೋದರು, ಗವನ್ ಲೇಬರ್‌ನ ಜಾನ್ ರ‍್ಯಾಂಕಿನ್ ಪಾಲಾಯಿತು. ಜನ ಬದಲಾಗದೆ ಗೆರೆ ಬದಲಾದರೂ ಫಲಿತಾಂಶ ತಿರುವು ಮುರುವು ಆಗುತ್ತದೆ ಎನ್ನುವುದಕ್ಕೆ ಈ ಐದು ವರ್ಷ ಸಾಕು.

ವೆಸ್ಟ್‌ಮಿನ್‌ಸ್ಟರ್ ಚುನಾವಣೆಯ ಎಣಿಕೆ ನಮ್ಮ ಲೋಕಸಭೆಯದ್ದೇ. ಒಂದು ಕ್ಷೇತ್ರಕ್ಕೆ ಒಬ್ಬ ಎಂಪಿ, ಹೆಚ್ಚು ಓಟು ಬಿದ್ದವರು ಗೆದ್ದರು. ಎಂಪಿ ತೀರಿಕೊಂಡರೆ ಉಪಚುನಾವಣೆ. ಅದನ್ನು ಹೊರಡಿಸುವ ಪ್ರಸ್ತಾಪ ಯಾವಾಗ ತರಬೇಕೆಂದು ರೂಢಿಯಂತೆ ಆ ಸ್ಥಾನ ಹೊಂದಿದ್ದ ಪಕ್ಷವೇ ನಿರ್ಧರಿಸುತ್ತದೆ. 1973ರ ಅಕ್ಟೋಬರಿನಲ್ಲಿ ರ‍್ಯಾಂಕಿನ್ ತೀರಿಕೊಂಡಾಗ ಒಂದೇ ತಿಂಗಳಲ್ಲಿ, ನವೆಂಬರ್ 8ಕ್ಕೆ, ಮತದಾನ ನಡೆಯಿತು. ಹಳೆಯ ವಠಾರಗಳನ್ನು ಕೆಡವಿ ಜನರನ್ನು ಊರಾಚೆಗೆ ಸಾಗಿಸುತ್ತಿದ್ದ ಹೊತ್ತು. ಹಡಗುಕಟ್ಟೆಗಳು ಮುಚ್ಚದಂತೆ ಕಾರ್ಮಿಕರು ತಾವೇ ಯಾರ್ಡ್ ನಡೆಸಿ ಹೋರಾಡಿ ಎರಡು ವರ್ಷವೂ ಆಗಿರಲಿಲ್ಲ. ಉತ್ತರ ಸಮುದ್ರದಲ್ಲಿ ಎಣ್ಣೆ ಸಿಕ್ಕಿತ್ತು, ಆ ಎಣ್ಣೆ ಸ್ಕಾಟ್‌ಲೆಂಡಿನದು ಎಂದು ಎಸ್‌ಎನ್‌ಪಿ (ಸ್ವತಂತ್ರ ಸ್ಕಾಟ್‌ಲೆಂಡ್ ಬಯಸುವ ಸ್ಕಾಟಿಷ್ ನ್ಯಾಷನಲ್ ಪಾರ್ಟಿ) ಸಾರುತ್ತಿತ್ತು. ಎಸ್‌ಎನ್‌ಪಿಯ ಮಾರ್ಗೋ ಮ್ಯಾಕ್‌ಡೊನಾಲ್ಡ್‌ಗೆ 6,360 ಓಟು, ಲೇಬರ್‌ನ ಹ್ಯಾರಿ ಸೆಲ್ಬಿಗೆ 5,789. ಅಂತರ 571. ನಾಲ್ಕು ತಿಂಗಳು ತುಂಬುವ ಮೊದಲೇ, 1974ರ ಫೆಬ್ರವರಿಯ ಸಾರ್ವತ್ರಿಕ ಚುನಾವಣೆಯಲ್ಲಿ, ಅದೇ ಸೆಲ್ಬಿ 543 ಓಟಿನಿಂದ ಕ್ಷೇತ್ರವನ್ನು ಮರಳಿ ಪಡೆದರು. ಉಪಚುನಾವಣೆಯಲ್ಲಿ ಮತದಾರರಲ್ಲಿ ಅರ್ಧದಷ್ಟು ಮಂದಿ ಮಾತ್ರ ಮತಗಟ್ಟೆಗೆ ಬಂದಿದ್ದರು. ಸರ್ಕಾರ ಬದಲಾಗದ ಚುನಾವಣೆಯಲ್ಲಿ ಸಿಟ್ಟಿದ್ದವರು ಬರುತ್ತಾರೆ, ಉಳಿದವರು ಮನೆಯಲ್ಲಿರುತ್ತಾರೆ. ಇಲ್ಲಿ ಉಪಚುನಾವಣೆಯ ಫಲಿತಾಂಶ ನೋಡಿ ಮುಂದಿನದನ್ನು ಊಹಿಸುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಲಿ.

ಎರಡನೆಯ ಆಘಾತ ಇದಕ್ಕಿಂತ ದೊಡ್ಡದು. 1987ರಲ್ಲಿ ಲೇಬರ್‌ನ ಬ್ರೂಸ್ ಮಿಲನ್ ಗವನ್ ಗೆದ್ದಾಗ ಅಂತರ 19,509. ಮರುವರ್ಷ ಅವರು ಯೂರೋಪಿಯನ್ ಕಮಿಷನರ್ ಆಗಲು ಸ್ಥಾನ ಬಿಟ್ಟರು. (ಬ್ರಿಟನ್ನಿನ ಎಂಪಿಗೆ ನೇರವಾಗಿ ರಾಜೀನಾಮೆ ಕೊಡುವ ಅವಕಾಶವೇ ಇಲ್ಲ. ರಾಜಮನೆತನದ ಅಧೀನದ ಒಂದು ಹೆಸರಿಗಷ್ಟೇ ಇರುವ ಹುದ್ದೆಗೆ ನೇಮಿಸಿ, ಅದರ ನೆಪದಲ್ಲಿ ಸ್ಥಾನ ತೆರವು ಮಾಡುವ ಹಳೇ ಸಂಪ್ರದಾಯ ಇಂದಿಗೂ ನಡೆಯುತ್ತಿದೆ.) 1988ರ ನವೆಂಬರ್ 10ರಂದು ಎಸ್‌ಎನ್‌ಪಿಯ ಜಿಮ್ ಸಿಲರ್ಸ್ 14,677 ಓಟು ಪಡೆದು, 11,123 ಪಡೆದ ಲೇಬರ್‌ನ ಬಾಬ್ ಗಿಲೆಸ್ಪಿಯವರನ್ನು ಸೋಲಿಸಿದರು. ಹತ್ತೊಂಬತ್ತು ಸಾವಿರದ ಮುನ್ನಡೆ ಹದಿನೇಳು ತಿಂಗಳಲ್ಲಿ ಕರಗಿ, ಮೇಲೆ 3,554ರ ಸೋಲು. ಸಿಲರ್ಸ್ ಸ್ವತಃ ಹಿಂದೆ ಲೇಬರ್ ಎಂಪಿ ಆಗಿದ್ದವರು, ಮಾರ್ಗೋ ಮ್ಯಾಕ್‌ಡೊನಾಲ್ಡ್‌ರ ಪತಿ ಕೂಡ.

ಕಾರಣ ಪೋಲ್ ಟ್ಯಾಕ್ಸ್. ಮನೆಯ ಬೆಲೆ ನೋಡದೆ ತಲೆಗಿಷ್ಟು ಎಂದು ವಸೂಲಿ ಮಾಡುವ ಈ ತೆರಿಗೆಯನ್ನು ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲೇ, 1989ರ ಏಪ್ರಿಲ್‌ನಿಂದ, ಸ್ಕಾಟ್‌ಲೆಂಡಿನ ಮೇಲೆ ಹೇರಲು ಥ್ಯಾಚರ್ ಸರ್ಕಾರ ಹೊರಟಿತ್ತು. ಸ್ಕಾಟ್‌ಲೆಂಡಿನ 72 ಸ್ಥಾನಗಳಲ್ಲಿ 50 ಲೇಬರ್ ಕೈಯಲ್ಲಿದ್ದರೂ ತಡೆಯಲಾಗಲಿಲ್ಲ. ‘ಕೈಲಾಗದ ಐವತ್ತು’ ಎಂದು ಎಸ್‌ಎನ್‌ಪಿ ಹಂಗಿಸಿದ್ದು ಗವನ್‌ನಲ್ಲಿ ನೇರವಾಗಿ ತಾಗಿತು. 1992ರಲ್ಲಿ ಲೇಬರ್‌ನ ಇಯಾನ್ ಡೇವಿಡ್‌ಸನ್ ಮತ್ತೆ ಗೆದ್ದರು. ಸೋತ ಸಿಲರ್ಸ್, ಫುಟ್‌ಬಾಲ್ ಪಂದ್ಯ ನಡೆಯುವ ತೊಂಬತ್ತು ನಿಮಿಷಕ್ಕಷ್ಟೇ ದೇಶಪ್ರೇಮ ಉಕ್ಕಿಸಿಕೊಳ್ಳುವವರು ಎಂದು ಸ್ಕಾಟರನ್ನೇ ಬೈದರು. ಆ ಮಾತು ಇಲ್ಲಿನ ರಾಜಕೀಯದಲ್ಲಿ ಇನ್ನೂ ಓಡಾಡುತ್ತಿದೆ.

1997ರ ಗವನ್ ಬೇರೆಯೇ ಕಾರಣಕ್ಕೆ ದಾಖಲೆ. ಲೇಬರ್‌ನ ಮೊಹಮ್ಮದ್ ಸರ್ವರ್ 14,216 ಓಟು ಪಡೆದು ಬ್ರಿಟನ್ನಿನ ಮೊದಲ ಮುಸ್ಲಿಂ ಎಂಪಿ ಆದರು. 11,302 ಓಟು ಪಡೆದು ಸೋತವರು ಎಸ್‌ಎನ್‌ಪಿಯ 26 ವರ್ಷದ ನಿಕೋಲಾ ಸ್ಟರ್ಜನ್, ಮುಂದೆ ಸ್ಕಾಟ್‌ಲೆಂಡಿನ ಫಸ್ಟ್ ಮಿನಿಸ್ಟರ್ ಆದವರು. ದಕ್ಷಿಣ ಏಷ್ಯಾದ ಅಂಗಡಿಗಳಿಗೆ ಹೆಸರಾದ ಪೊಲಕ್‌ಶೀಲ್ಡ್ಸ್ ಆಗ ಇದೇ ಕ್ಷೇತ್ರದಲ್ಲಿತ್ತು.

2005ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನ ಗವನ್ ಕ್ಷೇತ್ರ ಮುಗಿಯಿತು. ಸ್ಕಾಟ್‌ಲೆಂಡಿಗೆ ತನ್ನದೇ ಸಂಸತ್ತು ಬಂದ ಮೇಲೆ ಲಂಡನ್ನಿನಲ್ಲಿ ಹೆಚ್ಚಿನ ಪ್ರಾತಿನಿಧ್ಯ ಬೇಡವೆಂದು ಸ್ಥಾನಗಳನ್ನು 72ರಿಂದ 59ಕ್ಕೆ ಇಳಿಸಿದರು (2024ರಿಂದ 57). ಗವನ್ ಊರು ಗ್ಲಾಸ್ಗೋ ಸೌತ್ ವೆಸ್ಟ್‌ಗೆ, ಪೊಲಕ್‌ಶೀಲ್ಡ್ಸ್ ಗ್ಲಾಸ್ಗೋ ಸೆಂಟ್ರಲ್‌ಗೆ ಹೋಯಿತು. ಆ ಸೌತ್ ವೆಸ್ಟ್‌ನಲ್ಲಿ 2017ರ ಗೆಲುವಿನ ಅಂತರ ಬರೀ 60 ಓಟು. ಸೆಂಟ್ರಲ್ ಕ್ಷೇತ್ರವೂ 2024ರಲ್ಲಿ ರದ್ದಾಯಿತು.

ಆದರೆ ಹಾಲಿರೂಡ್‌ನ, ಅಂದರೆ ಎಡಿನ್‌ಬರೋದ ಸ್ಕಾಟಿಷ್ ಸಂಸತ್ತಿನ ಗವನ್ 2011ರವರೆಗೂ ಉಳಿಯಿತು, ಏಕೆಂದರೆ ಅಲ್ಲಿನ ಸ್ಥಾನಗಳನ್ನು ಇಳಿಸಲಿಲ್ಲ. ಎರಡು ನಕ್ಷೆಗಳು ಬೇರೆಯಾದದ್ದು ಆಗ, ಇಂದಿಗೂ ಒಂದಾಗಿಲ್ಲ. ನಿಮ್ಮ ಎಂಪಿ ಯಾರು, ಎಂಎಸ್‌ಪಿ (ಸ್ಕಾಟಿಷ್ ಸಂಸತ್ತಿನ ಸದಸ್ಯ) ಯಾರು ಎಂದು ಪಕ್ಕದ ಬೀದಿಯ ಗೆಳೆಯರನ್ನು ಕೇಳಿದರೆ ತಪ್ಪು ಉತ್ತರ ಸಿಗಬಹುದು. ನಿಮ್ಮ ಪೋಸ್ಟ್‌ಕೋಡ್ ಹಾಕಿ ಎರಡನ್ನೂ ಪ್ರತ್ಯೇಕವಾಗಿ ನೋಡಿ. ವೀಸಾ ವಿಷಯಕ್ಕೆ ಎಂಪಿಗೆ ಬರೆಯಬೇಕು. ಆಸ್ಪತ್ರೆ, ಶಾಲೆಯ ವಿಷಯಕ್ಕೆ ಎಂಎಸ್‌ಪಿಗೆ.

ಹಾಲಿರೂಡ್‌ನಲ್ಲಿ 129 ಸದಸ್ಯರು: 73 ಕ್ಷೇತ್ರದಿಂದ, 56 ಪಕ್ಷಗಳು ಕೊಡುವ ಹೆಸರುಗಳ ಪಟ್ಟಿಯಿಂದ. ಎಂಟು ಪ್ರದೇಶಗಳಿಗೆ ತಲಾ ಏಳು ಪಟ್ಟಿ ಸ್ಥಾನ. ನಿಮಗೆ ಎರಡು ಮತಪತ್ರ ಕೊಡುತ್ತಾರೆ, ಒಂದರಲ್ಲಿ ಅಭ್ಯರ್ಥಿಗೆ, ಇನ್ನೊಂದರಲ್ಲಿ ಪಕ್ಷಕ್ಕೆ ಗುರುತು. ಪಟ್ಟಿಯ ಎಣಿಕೆ ಹೀಗೆ: ಪಕ್ಷದ ಪಟ್ಟಿ ಓಟನ್ನು, ಅದು ಆ ಪ್ರದೇಶದಲ್ಲಿ ಈಗಾಗಲೇ ಗೆದ್ದ ಸ್ಥಾನಗಳಿಗೆ ಒಂದು ಸೇರಿಸಿ, ಅದರಿಂದ ಭಾಗಿಸಬೇಕು. ‘ಅ’ ಪಕ್ಷಕ್ಕೆ 95,000 ಓಟು, 9 ಕ್ಷೇತ್ರ ಗೆದ್ದಿದೆ ಎನ್ನಿ, ಭಾಗಲಬ್ಧ 9,500. ‘ಬ’ಗೆ 50,000, ಒಂದು ಕ್ಷೇತ್ರ, 25,000. ‘ಕ’ಗೆ 14,000, ಕ್ಷೇತ್ರ ಇಲ್ಲ, 14,000. ಮೊದಲ ಸ್ಥಾನ ‘ಬ’ಗೆ. ಈಗ ‘ಬ’ವನ್ನು 3ರಿಂದ ಭಾಗಿಸಿದರೆ 16,667, ಎರಡನೆಯದೂ ಅದಕ್ಕೇ. ನಂತರ 4ರಿಂದ ಭಾಗಿಸಿದರೆ 12,500, ಹಾಗಾಗಿ ಮೂರನೆಯದು ‘ಕ’ಗೆ. ಕ್ಷೇತ್ರಗಳನ್ನು ಬಾಚಿಕೊಂಡ ಪಕ್ಷದ ಪಟ್ಟಿ ಓಟು ಹೆಚ್ಚಾಗಿ ಲೆಕ್ಕಕ್ಕೆ ಬರುವುದೇ ಇಲ್ಲ. 1999ರಲ್ಲಿ ಗ್ಲಾಸ್ಗೋದ ಹತ್ತೂ ಕ್ಷೇತ್ರ ಲೇಬರ್‌ಗೆ ಬಂದವು. ಪಟ್ಟಿಯ ಏಳರಲ್ಲಿ ಲೇಬರ್‌ಗೆ ಸೊನ್ನೆ, ಎಸ್‌ಎನ್‌ಪಿಗೆ ನಾಲ್ಕು.

ಆ ನಾಲ್ವರಲ್ಲಿ ಸ್ಟರ್ಜನ್ ಒಬ್ಬರು. 1999 ಮತ್ತು 2003, ಎರಡು ಸಲವೂ ಗವನ್‌ನಲ್ಲಿ ಲೇಬರ್‌ನ ಗಾರ್ಡನ್ ಜ್ಯಾಕ್ಸನ್ ಎದುರು ಸೋತು, ಪಟ್ಟಿಯ ಮೂಲಕ ಸಂಸತ್ತಿಗೆ ಬಂದರು. ಸೋತವರು ಹಿಂಬಾಗಿಲಿನಿಂದ ಬಂದರು ಎಂಬ ಗೊಣಗಾಟ ಇಲ್ಲಿ ಆಗಾಗ ಕೇಳುತ್ತದೆ. ವ್ಯವಸ್ಥೆಯ ಉದ್ದೇಶವೇ ಅದು. 2007ರಲ್ಲಿ 9,010ಕ್ಕೆ 8,266, ಬರೀ 744 ಓಟಿನ ಅಂತರದಲ್ಲಿ ಗವನ್ ಅವರದಾಯಿತು. ಆ ವರ್ಷ ಇಡೀ ಸಂಸತ್ತಿನಲ್ಲಿ ಎಸ್‌ಎನ್‌ಪಿ 47, ಲೇಬರ್ 46. ಪಟ್ಟಿಯಿಂದ ಬಂದವರಲ್ಲಿ ಅಮೃತಸರದಲ್ಲಿ ಹುಟ್ಟಿದ ಬಶೀರ್ ಅಹ್ಮದ್ ಇದ್ದರು. ಅವರು 2009ರಲ್ಲಿ ತೀರಿಕೊಂಡಾಗ ಉಪಚುನಾವಣೆ ನಡೆಯಲಿಲ್ಲ, ಪಕ್ಷದ ಪಟ್ಟಿಯಲ್ಲಿ ಮುಂದಿದ್ದ ಆನ್ ಮೆಕ್‌ಲಾಫ್ಲಿನ್ ಆ ಜಾಗಕ್ಕೆ ಬಂದರು. 2011ರಲ್ಲಿ ಗವನ್ ಹೋಗಿ ಗ್ಲಾಸ್ಗೋ ಸೌತ್‌ಸೈಡ್ ಬಂತು. 2021ರಲ್ಲಿ ಅಲ್ಲಿ ಸ್ಟರ್ಜನ್ ಎದುರು ನಿಂತವರು ಮೊಹಮ್ಮದ್ ಸರ್ವರ್ ಅವರ ಮಗ ಅನಸ್.

2007ಕ್ಕೆ ಇನ್ನೊಂದು ಕುಖ್ಯಾತಿ ಇದೆ: 1,40,000ಕ್ಕೂ ಹೆಚ್ಚು ಮತಪತ್ರಗಳು ತಿರಸ್ಕೃತವಾದವು. ಕ್ಷೇತ್ರ ಮತ್ತು ಪಟ್ಟಿ, ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಮುದ್ರಿಸಿದ್ದರು. ಬಹಳ ಜನ ಎರಡು ಗುರುತನ್ನೂ ಒಂದೇ ಸಾಲಿಗೆ ಹಾಕಿದರು ಅಥವಾ ಒಂದನ್ನು ಖಾಲಿ ಬಿಟ್ಟರು. ಸಾಲದ್ದಕ್ಕೆ ಅದೇ ದಿನ ಕೌನ್ಸಿಲ್ ಚುನಾವಣೆ, ಅದರಲ್ಲಿ ಗುರುತಿನ ಬದಲು ಅಂಕಿ ಬರೆಯಬೇಕು. ಈಗ ಹಾಳೆಗಳು ಬೇರೆ, ವರ್ಷಗಳೂ ಬೇರೆ. ಮುಂದಿನ ಕೌನ್ಸಿಲ್ ಚುನಾವಣೆ 2027ರ ಮೇ ತಿಂಗಳಲ್ಲಿ. ಕರ್ನಾಟಕದ ಪದವೀಧರ ಕ್ಷೇತ್ರಕ್ಕೆ ಓಟು ಹಾಕಿದವರಿಗೆ ಅದು ಹೊಸದಲ್ಲ, ಅದೇ ಪ್ರಾಶಸ್ತ್ಯ ಮತ: 1, 2, 3 ಎಂದು ಬರೆಯಿರಿ, ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸಿ. ಗವನ್ ಹೆಸರು ಕೌನ್ಸಿಲ್ ವಾರ್ಡ್ ಆಗಿ ಉಳಿದಿದೆ, ನಾಲ್ವರು ಸದಸ್ಯರು.

ಇನ್ನು ಹೆಸರು ಸೇರಿಸುವ ಕೆಲಸ. ಸರ್ಕಾರದ ‘ರಿಜಿಸ್ಟರ್ ಟು ವೋಟ್’ ಜಾಲತಾಣದಲ್ಲಿ ಮನೆಯ ಪ್ರತಿಯೊಬ್ಬರೂ ಬೇರೆಬೇರೆಯಾಗಿ ಅರ್ಜಿ ಹಾಕಬೇಕು; ಯಜಮಾನರು ಹಾಕಿದರೆ ಎಲ್ಲರದೂ ಆಗುವುದಿಲ್ಲ. ವಿಳಾಸ, ಹುಟ್ಟಿದ ದಿನಾಂಕ, ಪೌರತ್ವ, ನ್ಯಾಷನಲ್ ಇನ್ಶುರೆನ್ಸ್ ನಂಬರ್ ಕೇಳುತ್ತದೆ. ನಂಬರ್ ಇನ್ನೂ ಬಂದಿರದಿದ್ದರೆ ಕಾರಣ ಬರೆದು ಮುಂದುವರಿಯಿರಿ, ದಾಖಲೆ ಕೇಳಿ ಪತ್ರ ಬರುತ್ತದೆ. ನಮ್ಮವರ ಅರ್ಜಿ ತಡವಾಗುವುದು ಹೆಸರಿನಿಂದ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ, ಇನ್ಶುರೆನ್ಸ್ ದಾಖಲೆಯಲ್ಲಿ ತಂದೆಯ ಹೆಸರು, ಅರ್ಜಿಯಲ್ಲಿ ಇನಿಷಿಯಲ್: ಸರ್ಕಾರದ ದಾಖಲೆಗಳ ಜೊತೆ ತಾಳೆಯಾಗುವುದಿಲ್ಲ. ಒಂದೇ ರೂಪ ಎಲ್ಲೆಡೆ ಕೊಡಿ. ಮತದಾನಕ್ಕೆ 12 ಕೆಲಸದ ದಿನ ಮುಂಚೆ ನೋಂದಣಿ ಮುಗಿಯುತ್ತದೆ. ಅಂಚೆ ಮತದ ಅರ್ಜಿ ಬೇರೆ, ಅದಕ್ಕೆ 11 ಕೆಲಸದ ದಿನ ಮುಂಚೆ ಸಂಜೆ 5 ಗಂಟೆ. ಮನೆ ಬದಲಿಸಿದಾಗಲೆಲ್ಲ ಹೊಸ ಅರ್ಜಿ. ಸಾಲ ಕೊಡುವವರೂ ಈ ಮತದಾರರ ಪಟ್ಟಿಯನ್ನು ನೋಡುತ್ತಾರೆ, ಓಟಿನಲ್ಲಿ ಆಸಕ್ತಿ ಇಲ್ಲದವರಿಗೂ ಅಷ್ಟು ಲಾಭ.

ಹಾಲಿರೂಡ್ ಮತ್ತು ಕೌನ್ಸಿಲ್‌ಗೆ 16 ತುಂಬಿದವರು ಓಟು ಹಾಕಬಹುದು. ವೆಸ್ಟ್‌ಮಿನ್‌ಸ್ಟರ್‌ಗೆ 18, ಅದನ್ನೂ 16ಕ್ಕೆ ಇಳಿಸುವುದಾಗಿ ಸರ್ಕಾರ 2025ರಲ್ಲಿ ಹೇಳಿದೆ. ಅಮೆರಿಕದ ಪಾಸ್‌ಪೋರ್ಟ್ ಜೊತೆಗೆ ಒಸಿಐ ಕಾರ್ಡ್ ಇರುವ ಕನ್ನಡಿಗರು ಗಮನಿಸಿ: ಒಸಿಐ ಪೌರತ್ವವಲ್ಲ. ನಿಮಗೆ ವೆಸ್ಟ್‌ಮಿನ್‌ಸ್ಟರ್ ಓಟು ಇಲ್ಲ, ವೀಸಾ ಇದ್ದರೆ ಉಳಿದೆರಡಕ್ಕೆ ಇದೆ.

ಫೋಟೋ ಗುರುತಿನ ಚೀಟಿ ಬೇಕಾಗುವುದು ವೆಸ್ಟ್‌ಮಿನ್‌ಸ್ಟರ್ ಚುನಾವಣೆಗೆ ಮಾತ್ರ. ಭಾರತದ ಪಾಸ್‌ಪೋರ್ಟ್, ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದೆ. ಅವಧಿ ಮುಗಿದಿದ್ದರೂ ಮುಖ ಹೋಲಿದರೆ ಸಾಕು. ಆಧಾರ್, ಪ್ಯಾನ್, ಯೂನಿವರ್ಸಿಟಿ ಕಾರ್ಡ್, ಫೋನಿನಲ್ಲಿರುವ ಚಿತ್ರ ಯಾವುದೂ ನಡೆಯುವುದಿಲ್ಲ. ಮತದಾನ ಸಾಮಾನ್ಯವಾಗಿ ಗುರುವಾರ, ಬೆಳಿಗ್ಗೆ 7ರಿಂದ ರಾತ್ರಿ 10, ರಜೆ ಇಲ್ಲ. ಮತಯಂತ್ರ ಇಲ್ಲ, ಬೆರಳಿಗೆ ಶಾಯಿ ಇಲ್ಲ. ದಾರಕ್ಕೆ ಕಟ್ಟಿದ ಪೆನ್ಸಿಲ್ ಇರುತ್ತದೆ, ಬೇಡವೆನಿಸಿದರೆ ನಿಮ್ಮದೇ ಪೆನ್ನು ಬಳಸಬಹುದು. ಆಸ್ಪತ್ರೆಯ ಶಿಫ್ಟ್ ಮುಗಿಸಿ ತಡವಾಗಿ ಬಂದರೂ ಹತ್ತು ಗಂಟೆಯೊಳಗೆ ಸಾಲಿನಲ್ಲಿ ನಿಂತಿದ್ದರೆ ಮತಪತ್ರ ಕೊಡಲೇಬೇಕು.